ಮೂವತ್ತು ಎಂ.ಎಲ್.

ಗೋಡೆಯ ಚೌಕಟ್ಟಿನೊಳಗೆ ನಮ್ಮ ಲೈಸೆನ್ಸು,
ಬಲದಿಂದ ಎಡಕ್ಕೆ ಹರಿಯುವ ಅಕ್ಷರ.
ಮನಾಮಾಕ್ಕೆ ಬಂದು ಹನ್ನೊಂದು ವರ್ಷವಾಯಿತು,
ಇವತ್ತಿಗೂ ಅದರಲ್ಲಿ ನನಗೆ ಓದಲು ಬರುವುದು
ಮುಗಿಯುವ ತಾರೀಕು ಒಂದೇ.
ಅಷ್ಟು ಸಾಕು. ದಿನಾ ಸಂಜೆ ಬಾಗಿಲು ತೆಗೆಯುವ ಮೊದಲು
ಮಾಲೀಕರ ಫೋಟೋ ಒರೆಸಿದ ಬಟ್ಟೆಯಲ್ಲೇ
ಅದನ್ನೂ ಒರೆಸುತ್ತೇನೆ.

ಆಮೇಲೆ ಫ್ರಿಜ್ಜಿನ ಅಂಕೆ: ನಾಲ್ಕು ಡಿಗ್ರಿ. ಬರೆದು ಸಹಿ.
ಬಂಗುಡೆ ಕರಿದ ನಿನ್ನೆಯ ಎಣ್ಣೆ
ಇನ್ನೊಂದು ದಿನಕ್ಕೆ ಬಂದೀತು ಅನ್ನುತ್ತಾನೆ ಟೇಕ್‌ರಾಜ್.
ಬಂದೀತು, ಬರಬಾರದು ಅನ್ನುತ್ತೇನೆ.
ಗೊಣಗುತ್ತಲೇ ಡಬ್ಬಿಗೆ ಬಗ್ಗಿಸುತ್ತಾನೆ.

ಮೀಸೆ ಈಗಷ್ಟೇ ಚಿಗುರಿದ ಹುಡುಗ ಬಾಗಿಲಲ್ಲಿ:
ಸಿಪಿಆರ್ ಕಾರ್ಡು ಮರೆತುಬಂದೆ ಅಂಕಲ್.
ಅಂಕಲ್ ಅಂದಮೇಲೆ ಮುಗಿಯಿತಲ್ಲ ಮಗಾ,
ನಿನ್ನ ವಯಸ್ಸು ನೀನೇ ಹೇಳಿಬಿಟ್ಟೆ.

ಮರಿಸೆಲ್ ಅಳೆಯುತ್ತಾಳೆ. ಸ್ಟೀಲಿನ ಪುಟ್ಟ ಬಟ್ಟಲು,
ಒಂದು ಕಡೆ ಮೂವತ್ತು, ಕವುಚಿದರೆ ಅರವತ್ತು.
ನೋಡಿದಾಗಲೆಲ್ಲ ಅಜ್ಜನ ಕೈ ನೆನಪಾಗುತ್ತದೆ.
ಅಜ್ಜನದು ಮೂರ್ತೆಯ ಕೆಲಸ. ತಾಳೆಮರದ ತುದಿಯಿಂದ
ಸೊಂಟದ ಕುಡಿಕೆಯಲ್ಲಿ ನೊರೆ ಇಳಿಸಿ
ಗಡಂಗಿನ ಜಗಲಿಯಲ್ಲಿ ಗೆರಟೆಯಲ್ಲಿ ಅಳೆದು ಕೊಡುತ್ತಿದ್ದರು.
ಅಕ್ಷರ ಬರುತ್ತಿರಲಿಲ್ಲ. ಲೈಸೆನ್ಸು ಗುತ್ತಿಗೆದಾರನ ಹೆಸರಲ್ಲಿ.
ಆದರೆ ಕುಡಿಯುವವನ ಕಣ್ಣು ಓದುತ್ತಿದ್ದರು.
ಹೋದ ಮಾತು ಎರಡನೇ ಸಲ ಅದೇ ಹಾದಿಯಲ್ಲಿ ಬಂತೋ,
ಗೆರಟೆ ಕವುಚಿಡುತ್ತಿದ್ದರು ನೆಲಕ್ಕೆ.
ಅದರ ಮೇಲೆ ಅಪೀಲಿಲ್ಲ.

ಕಳೆದ ಗುರುವಾರ ರಾತ್ರಿ
ಏಳನೇ ಟೇಬಲಿನಲ್ಲಿ ವಾಮನಣ್ಣ.
ನನಗೆ ವೀಸಾ ಕೊಡಿಸಿದವರು. ಏರ್‌ಪೋರ್ಟಿಗೆ ಬಂದು,
ಜನವರಿಯ ಚಳಿಗೆ ತಮ್ಮ ಕೋಟು ಹೊದಿಸಿ
ಮೊದಲ ಊಟ ಹಾಕಿಸಿದವರು.
ನೀರು ಕುಡಿಯುತ್ತಿರು, ಈ ಊರಲ್ಲಿ ಬಾಯಾರಿಕೆ
ಗೊತ್ತೇ ಆಗುವುದಿಲ್ಲ ಎಂದು ಹೇಳಿಕೊಟ್ಟವರು.

ನಾಲ್ಕರ ಮೇಲೆ ಐದು. ಮೀನಿನ ತಟ್ಟೆ ಮುಟ್ಟಿಲ್ಲ.
ಮರಿಸೆಲಳ ಮಣಿಕಟ್ಟು ಹಿಡಿದು ಮಗಳೇ ಅಂದರು,
ಬಿಡಲಿಲ್ಲ.
ಅವಳು ನನ್ನ ಕಡೆ ನೋಡಿದಳು. ಸಹಾಯಕ್ಕೆ ಕರೆದಂತಿರಲಿಲ್ಲ,
ಲೆಕ್ಕ ಕೇಳಿದಂತಿತ್ತು.

ಹೋಗಿ ಗ್ಲಾಸು ಕವುಚಿಟ್ಟೆ.

"ನಾನು ತಂದ ಹುಡುಗ ನೀನು," ಅಂದರು.
"ನಾನು ತಂದ ಹುಡುಗ ನನಗೇ ಇಲ್ಲ ಅನ್ನುವುದಾ?"
ಹೌದಣ್ಣ ಅಂದೆ. ಬೇರೆ ಮಾತು ಅಭ್ಯಾಸವಿತ್ತು,
ಟ್ರೈನಿಂಗಿನಲ್ಲಿ ಕಲಿಸಿದ ಮೆತ್ತನೆಯ ಇಂಗ್ಲಿಷು.
ಒಂದೂ ಬಾಯಿಗೆ ಬರಲಿಲ್ಲ.
ನೀರು ತರಿಸಿದೆ. ಗಂಜಿ ತರಿಸಿದೆ, ಅದು ನನ್ನ ಪಾಲಿನದು.
ಮೇಜಿನ ಮೇಲೆ ಕಾರಿನ ಕೀಲಿ,
ಕೀಲಿಯ ಮೇಲೆ ಅವರ ಕೈ, ಅದರ ಮೇಲೆ ನನ್ನ ಕೈ.
ಎಷ್ಟು ಹೊತ್ತೋ.
ದೂರದಿಂದ ನೋಡಿದವರಿಗೆ
ಅಣ್ಣತಮ್ಮಂದಿರು ಏನೋ ಆಣೆ ಇಡುತ್ತಿದ್ದಾರೆ ಅನ್ನಿಸಿರಬೇಕು.

ಟ್ಯಾಕ್ಸಿಯವನಿಗೆ ಮನೆಯ ಗುರುತು ಹೇಳಿ ಮೂರು ದಿನಾರು ಕೊಟ್ಟೆ,
ಕಿಟಕಿ ಅರ್ಧ ಇಳಿಸಿರು ಅಂದೆ.

ಶನಿವಾರ ಕೀಲಿಗೆ ಬಂದದ್ದು ಅವರ ಆಫೀಸಿನ ಹುಡುಗ.
ಏನಾದರೂ ಹೇಳಿದರಾ ಅಂದೆ. ಇಲ್ಲ ಅಂದ.
ಮಾಲೀಕರು ಕ್ಯಾಲ್ಕುಲೇಟರು ನನ್ನ ಕಡೆ ತಿರುಗಿಸಿದರು:
ಒಳ್ಳೆಯ ಗಿರಾಕಿ, ವರ್ಷಕ್ಕೆ ಇಷ್ಟು.
ನಾನು ಗೋಡೆಯ ಕಡೆ ನೋಡಿದೆ. ಅವರೂ ನೋಡಿದರು.
ಆ ಮಾತು ಅಲ್ಲಿಗೆ ನಿಂತಿತು.

ಈಗ ಅವರು ಕೂರುವುದು ಎದುರು ರಸ್ತೆಯ ಹೊಟೇಲಿನಲ್ಲಂತೆ.
ಅಲ್ಲಿ ಅಳೆಯುವವರು ಯಾರೋ.
ರಾತ್ರಿ ಶಟರು ಇಳಿಸಿ, ಗಲ್ಲಾ ಎಣಿಸಿ,
ರೂಮಿನ ಹಾದಿ ಬಿಟ್ಟು ಎರಡು ಗಲ್ಲಿ ಸುತ್ತಿ ಹೋಗುತ್ತೇನೆ,
ಬಿಳಿ ಕಾರು ಅವರ ಮನೆಯೆದುರು
ನೆಟ್ಟಗೆ ನಿಂತಿದೆಯಾ ಎಂದು ನೋಡಲು.
ಬಾನೆಟ್ಟಿನ ಮೇಲೆ ಕೈಯಿಟ್ಟರೆ
ಕೆಲವು ದಿನ
ಇನ್ನೂ ಬಿಸಿ ಇರುತ್ತದೆ.